ಹಳೆಯ ಔಟ್‌ಬೋರ್ಡ್ ಎಂಜಿನ್‌ಗೆ ತುಕ್ಕು ಹಿಡಿದಾಗ: ದುರಸ್ತಿಯೋ, ವಿದಾಯವೋ ಎಂಬುದನ್ನು ನಿರ್ಧರಿಸುವ ಬಗೆ

ದೋಣಿಯ ಹಿಂಬದಿಗೆ ಹೊರಗಿನಿಂದ ಬಿಗಿಯುವ ಹಳೆಯ ಔಟ್‌ಬೋರ್ಡ್ ಎಂಜಿನ್ನಿನ ಮೇಲೆ ಬಣ್ಣ ಗುಳ್ಳೆಯೆದ್ದು, ಕೆರೆದರೆ ಬಿಳಿಯ ಪುಡಿ ಉದುರುವ ಸ್ಥಿತಿ ಬಂದಾಗ, ಅದನ್ನು ಸರಿಪಡಿಸುವುದೋ ಕೈಬಿಡುವುದೋ ಎಂಬ ತೀರ್ಮಾನವನ್ನು ಹೆಚ್ಚಿನವರು ಕಣ್ಣಿಗೆ ಕಾಣುವ ಹಾನಿಯನ್ನು ನೋಡಿಯೇ ಮಾಡಿಬಿಡುತ್ತಾರೆ. ಆದರೆ ಹೊರಗೆ ಕಾಣುವ ತುಕ್ಕಿಗೂ ಎಂಜಿನ್ನಿನ ಉಳಿದ ಆಯುಷ್ಯಕ್ಕೂ ಇರುವ ನಂಟು ಬಹಳ ಸಡಿಲವಾದದ್ದು. ಹೊರಮೈಯೆಲ್ಲ ಹಾಳಾದಂತೆ ಕಾಣುವ ಎಂಜಿನ್ ಒಳಗೆ ಗಟ್ಟಿಯಾಗಿರಬಹುದು. ಹೊಸ ಬಣ್ಣದಲ್ಲಿ ಹೊಳೆಯುವ ಮತ್ತೊಂದು ಎಂಜಿನ್ನಿನಲ್ಲಿ, ತಂಪುನೀರಿನ ದಾರಿಗೂ ಸಿಲಿಂಡರಿಗೂ ನಡುವೆ ತೀರ ತೆಳುವಾದ ಲೋಹ ಮಾತ್ರ ಉಳಿದಿರಬಹುದು. ಆದ್ದರಿಂದ ತುಕ್ಕು ಎಲ್ಲಿಯವರೆಗೆ ತಲುಪಿದೆ, ಯಾವ ಕಾರಣದಿಂದ ಬಂತು, ಆ ಕಾರಣವನ್ನು ನಿಲ್ಲಿಸಲು ಸಾಧ್ಯವೇ ಎಂಬ ಕ್ರಮದಲ್ಲಿ ವಿಚಾರಿಸಬೇಕು. ಹಣವನ್ನೂ ಒಮ್ಮೆಗೇ ಸುರಿಯದೆ, ಪ್ರತಿ ಹಂತದಲ್ಲಿ ಕಡಿಮೆ ವೆಚ್ಚದಲ್ಲಿ ಹೆಚ್ಚು ತಿಳಿದುಕೊಳ್ಳುತ್ತ, ಮುಂದಿನ ಹಂತಕ್ಕೆ ಹೋಗುವುದು ಯೋಗ್ಯವೇ ಎಂದು ಪ್ರತಿ ಸಲವೂ ಕೇಳಿಕೊಳ್ಳಬೇಕು.

ಕಾರಣವನ್ನು ಗುರುತಿಸುವುದು

ಔಟ್‌ಬೋರ್ಡಿನ ಬ್ಲಾಕ್ (ಸಿಲಿಂಡರುಗಳಿರುವ ಎರಕ), ಅದನ್ನು ಮುಚ್ಚುವ ಸಿಲಿಂಡರ್ ಹೆಡ್, ಎಕ್ಸಾಸ್ಟ್ ಹಾದುಹೋಗುವ ಮಧ್ಯಭಾಗ, ಪ್ರೊಪೆಲರನ್ನು ತಿರುಗಿಸುವ ಗೇರುಗಳಿರುವ ಗೇರ್‌ಕೇಸ್ ಮತ್ತು ದೋಣಿಯ ಹಿಂಬದಿಗೆ ಬಿಗಿಯುವ ಬ್ರಾಕೆಟ್ ಬಹುಮಟ್ಟಿಗೆ ಎರಕದ ಅಲ್ಯೂಮಿನಿಯಂ ಮಿಶ್ರಲೋಹದವು. ಬೋಲ್ಟುಗಳು ಮತ್ತು ಪ್ರೊಪೆಲರ್ ಶಾಫ್ಟ್ ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲಿನವು. ಸಿಲಿಂಡರಿನ ಒಳಗೋಡೆಗೆ ಹೆಚ್ಚಾಗಿ ಎರಕದ ಕಬ್ಬಿಣದ ಸ್ಲೀವ್ ಇರುತ್ತದೆ. ಗಾಳಿ ತಾಗಿದ ಅಲ್ಯೂಮಿನಿಯಂ ಮೇಲೆ ತಾನಾಗಿ ಮೂಡುವ ತೆಳುವಾದ ಆಕ್ಸೈಡ್ ಪದರವೇ ಅದರ ರಕ್ಷಣೆ. ಸುಮಾರು 4ರಿಂದ 8.5ರವರೆಗಿನ ಪಿಎಚ್ ಮಟ್ಟದಲ್ಲಿ ಈ ಪದರ ಸ್ಥಿರವಾಗಿರುತ್ತದೆ. ಸಮುದ್ರದ ನೀರು ಈ ಮಿತಿಯೊಳಗೇ ಇದ್ದರೂ, ಅದರಲ್ಲಿರುವ ಕ್ಲೋರೈಡ್ ಪದರವನ್ನು ಅಲ್ಲಲ್ಲಿ ಭೇದಿಸಿ ಸಣ್ಣ ಗುಳಿಗಳನ್ನು ಕೊರೆಯುತ್ತದೆ. ಗುಳಿಯ ಒಳಗೆ ಆಮ್ಲಜನಕ ತೀರಿ ಆಮ್ಲೀಯತೆ ಹೆಚ್ಚುವುದರಿಂದ ಪದರ ಮತ್ತೆ ಮೂಡಲಾರದು. ಕೊರೆತ ಆಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಸೂಜಿಮೊನೆಯಷ್ಟು ಬಾಯಿಯ ಗುಳಿ ಒಳಗೆ ಅಗಲವಾಗಿ ಹರಡಿರುವ ಸಾಧ್ಯತೆ ಇದೆಯೆಂಬುದನ್ನು ತಪಾಸಣೆಯ ಉದ್ದಕ್ಕೂ ನೆನಪಿನಲ್ಲಿಡಬೇಕು.

ಎರಡನೆಯ ಕಾರಣ ಎರಡು ಭಿನ್ನ ಲೋಹಗಳ ಸ್ಪರ್ಶ. ಸ್ಟೇನ್‌ಲೆಸ್ ಸ್ಟೀಲೂ ಅಲ್ಯೂಮಿನಿಯಮ್ಮೂ ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಿನಲ್ಲಿ ನೆನೆದರೆ ಅವು ಬ್ಯಾಟರಿಯ ಎರಡು ಧ್ರುವಗಳಾಗುತ್ತವೆ, ಮತ್ತು ಕರಗುವುದು ಯಾವಾಗಲೂ ಅಲ್ಯೂಮಿನಿಯಮ್ಮೇ. ಅದರ ಬದಲಿಗೆ ತಾನು ಕರಗಲೆಂದೇ ಆನೋಡ್ ಎಂಬ ಬೇರೊಂದು ಲೋಹದ ತುಂಡನ್ನು ಅಳವಡಿಸಿರುತ್ತಾರೆ. ಮೂರನೆಯದು ಸೋರು ವಿದ್ಯುತ್ತು. ದೋಣಿಯ ಹದಗೆಟ್ಟ ವೈರಿಂಗಿನಿಂದ ನೇರ ವಿದ್ಯುತ್ತು ನೀರಿಗೆ ಸೋರಿ ಎಂಜಿನ್ನಿನ ಮೂಲಕ ಹರಿದರೆ, ವರ್ಷಗಳಲ್ಲಿ ಆಗಬೇಕಾದ ಹಾನಿ ವಾರಗಳಲ್ಲಿ ಆಗಿಬಿಡುತ್ತದೆ. ದೋಣಿಯನ್ನು ದಡದ ವಿದ್ಯುತ್ ಸಂಪರ್ಕಕ್ಕೆ ಜೋಡಿಸಿಡುವ ಕಡೆ, ಅರ್ತ್ ತಂತಿಯ ಮೂಲಕ ಪಕ್ಕದ ದೋಣಿಗಳ ಲೋಹವೂ ಇದೇ ಮಂಡಲದಲ್ಲಿ ಸೇರಿಕೊಳ್ಳುತ್ತದೆ. ಅಂಥಲ್ಲಿ ಅರ್ತ್ ತಂತಿಯಲ್ಲಿ ಈ ಹರಿವನ್ನು ತಡೆಯುವ ಗ್ಯಾಲ್ವನಿಕ್ ಐಸೊಲೇಟರ್ ಬೇಕಾಗುತ್ತದೆ.

ಈ ವ್ಯತ್ಯಾಸ ಬರೀ ತಿಳಿವಳಿಕೆಗಾಗಿ ಅಲ್ಲ, ನಿರ್ಧಾರವೇ ಇದರ ಮೇಲೆ ನಿಂತಿದೆ. ಹತ್ತಾರು ವರ್ಷ ಉಪ್ಪುನೀರಿನಲ್ಲಿ ದುಡಿದ ಎಂಜಿನ್ನಿನಲ್ಲಿ ಎಲ್ಲೆಡೆ ಸಮವಾಗಿ ಕಾಣುವ ಸವೆತ ವಯಸ್ಸಿನದು, ಅದನ್ನು ನಿಧಾನಗೊಳಿಸಬಹುದು. ಕಳೆದ ಹಂಗಾಮಿನಲ್ಲಿ ಚೆನ್ನಾಗಿದ್ದ ಗೇರ್‌ಕೇಸ್ ಈ ಹಂಗಾಮಿನಲ್ಲಿ ದಿಢೀರನೆ ಕೊರೆದುಹೋಗಿದ್ದರೆ, ದೋಷ ಹೆಚ್ಚಾಗಿ ದೋಣಿಯ ವಿದ್ಯುತ್ ವ್ಯವಸ್ಥೆಯಲ್ಲಿರುತ್ತದೆ. ಆ ದೋಷವನ್ನು ಹುಡುಕಿ ತೆಗೆಯದೆ ಹೊಸ ಗೇರ್‌ಕೇಸ್ ಹಾಕಿದರೆ ಅದಕ್ಕೂ ಅದೇ ಗತಿ.

ಏನನ್ನೂ ಬಿಚ್ಚುವ ಮೊದಲು

ಮೊದಲು ಆನೋಡುಗಳನ್ನು ನೋಡಿರಿ, ಏಕೆಂದರೆ ಎಂಜಿನ್ನಿನ ಆರೈಕೆಯ ಚರಿತ್ರೆ ಅಲ್ಲಿ ಸಿಗುತ್ತದೆ. ಅರ್ಧಕ್ಕಿಂತ ಹೆಚ್ಚು ಕರಗಿದ ಆನೋಡನ್ನು ಬದಲಿಸಬೇಕಾಗಿತ್ತು ಎಂಬುದು ಸಾಮಾನ್ಯ ನಿಯಮ. ಆದರೆ ಹೆಚ್ಚು ಚಿಂತೆ ಹುಟ್ಟಿಸಬೇಕಾದದ್ದು ಸ್ವಲ್ಪವೂ ಕರಗದ ಆನೋಡ್. ಸುತ್ತಲಿನ ಲೋಹ ಕೊರೆದುಹೋಗುತ್ತಿದ್ದು ಆನೋಡ್ ಮಾತ್ರ ಹೊಸದರಂತೆ ಉಳಿದಿದ್ದರೆ, ಯಾರೋ ಅದರ ಮೇಲೆ ಬಣ್ಣ ಬಳಿದಿದ್ದಾರೆ, ಇಲ್ಲವೇ ಅದಕ್ಕೂ ಎಂಜಿನ್ನಿಗೂ ವಿದ್ಯುತ್ ಸಂಪರ್ಕ ತಪ್ಪಿದೆ, ಇಲ್ಲವೇ ಅದು ಆ ನೀರಿಗೆ ಒಗ್ಗದ ಲೋಹದ್ದು. ಮಲ್ಟಿಮೀಟರಿನ ಒಂದು ತುದಿಯನ್ನು ಆನೋಡಿಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ತಾಗಿಸಿದರೆ ರೋಧ ಶೂನ್ಯಕ್ಕೆ ಹತ್ತಿರವಿರಬೇಕು. ಸಮುದ್ರದ ನೀರಿಗೆ ಸತು ಅಥವಾ ಅಲ್ಯೂಮಿನಿಯಂ, ಅಳಿವೆಯ ಬೆರಕೆ ನೀರಿಗೆ ಅಲ್ಯೂಮಿನಿಯಂ, ಸಿಹಿನೀರಿಗೆ ಮೆಗ್ನೀಸಿಯಂ ಆನೋಡ್ ಒಗ್ಗುತ್ತದೆ. ಸತುವಿನ ಆನೋಡ್ ಸಿಹಿನೀರಿನಲ್ಲಿ ಪೊರೆಗಟ್ಟಿ ಕೆಲಸ ನಿಲ್ಲಿಸಿಬಿಡುತ್ತದೆ; ಮೆಗ್ನೀಸಿಯಂ ಉಪ್ಪುನೀರಿನಲ್ಲಿ ಬಹುಬೇಗ ಕರಗಿಹೋಗುತ್ತದೆ. ಅನೇಕ ಎಂಜಿನ್ನುಗಳ ಬ್ಲಾಕಿನೊಳಗೂ ಸಣ್ಣ ಆನೋಡುಗಳಿರುತ್ತವೆ. ಅವು ಕಣ್ಣಿಗೆ ಬೀಳದ ಕಾರಣ ಮರೆತುಹೋಗುವುದೇ ಹೆಚ್ಚು, ಮತ್ತು ಒಳಗಿನ ನೀರಿನ ದಾರಿ ಹಾಳಾಗಲು ಆ ಮರೆವು ಸಾಕಾಗುತ್ತದೆ.

ಅನಂತರ ಎಂಜಿನ್ನಿಗೆ ನೀರಿನ ಪೂರೈಕೆ ಕೊಟ್ಟು ಚಾಲೂ ಮಾಡಿ, ತಂಪುನೀರು ಹೊರಚಿಮ್ಮುವ ಸಣ್ಣ ತೂತನ್ನು ಗಮನಿಸಬೇಕು. ಧಾರೆ ಸೊರಗಿದ್ದರೆ ಕೂಡಲೇ ಕೆಟ್ಟದ್ದನ್ನು ಊಹಿಸಬೇಕಾಗಿಲ್ಲ. ತೂತಿನಲ್ಲಿ ಉಪ್ಪು ಕಟ್ಟಿಕೊಂಡಿರಬಹುದು, ನೀರಿನ ಪಂಪಿನೊಳಗೆ ತಿರುಗುವ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್, ಸವೆದಿರಬಹುದು. ಇವೆರಡನ್ನೂ ಸರಿಪಡಿಸಿದ ಮೇಲೂ ಧಾರೆ ಸೊರಗಿಯೇ ಇದ್ದರೆ, ಅಥವಾ ಎಂಜಿನ್ ಬಿಸಿಯೇರುತ್ತಿದ್ದರೆ, ಒಳಗಿನ ದಾರಿಗಳು ಉಪ್ಪಿನಿಂದಲೂ ತುಕ್ಕಿನ ಪುಡಿಯಿಂದಲೂ ಮುಚ್ಚಿಕೊಳ್ಳುತ್ತಿವೆ ಎಂದರ್ಥ.

ಕಂಪ್ರೆಷನ್ ಪರೀಕ್ಷೆಯನ್ನು, ಅಂದರೆ ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಿ ಪ್ರತಿ ಸಿಲಿಂಡರಿನ ಒತ್ತಡವನ್ನು ಗೇಜಿನಲ್ಲಿ ಅಳೆಯುವುದನ್ನು, ಯಾವ ಕಾರಣಕ್ಕೂ ಬಿಡಬಾರದು. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು, ಎಲ್ಲ ಸ್ಪಾರ್ಕ್ ಪ್ಲಗ್ಗುಗಳನ್ನೂ ತೆಗೆದಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು, ಎಂಜಿನ್ನನ್ನು ತುರ್ತಾಗಿ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹುರಿಯನ್ನು ತೆಗೆದು ಕಿಡಿ ಹಾರದಂತೆ ಮಾಡಿರಬೇಕು. ಬರುವ ಅಂಕಿ ಮಾದರಿಯಿಂದ ಮಾದರಿಗೆ ಬೇರೆಯಾಗುವುದರಿಂದ ಸಿಲಿಂಡರುಗಳ ನಡುವಿನ ಸಮಾನತೆಯನ್ನು ಮುಖ್ಯವಾಗಿ ನೋಡಬೇಕು. ವ್ಯತ್ಯಾಸ ಶೇಕಡಾ 10ರೊಳಗಿದ್ದರೆ ಒಳ್ಳೆಯ ಲಕ್ಷಣ. ಒಂದು ಸಿಲಿಂಡರ್ ಉಳಿದವುಗಳಿಗಿಂತ ಶೇಕಡಾ 15–20ರಷ್ಟು ಕಡಿಮೆಯಿದ್ದರೆ ಕಾರಣ ತಿಳಿಯುವವರೆಗೆ ಬೇರಾವ ಭಾಗಕ್ಕೂ ಹಣ ಹಾಕಬಾರದು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಸೋತಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಹೆಡ್ಡಿಗೂ ನಡುವೆ ಸೋರಿಕೆ ತಡೆಯುವ ಹಾಳೆ) ಹೋಗಿರುವ ಸಂಭವ ಹೆಚ್ಚು. ತೆಗೆದಿಟ್ಟ ಪ್ಲಗ್ಗುಗಳನ್ನು ಸಾಲಾಗಿ ಜೋಡಿಸಿ ನೋಡಿರಿ. ಉಳಿದವೆಲ್ಲ ಕಂದು ಬಣ್ಣದಲ್ಲಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಬೆಳ್ಳಗೆ ಸ್ವಚ್ಛವಾಗಿದ್ದರೆ ಆ ಸಿಲಿಂಡರಿಗೆ ನೀರು ನುಗ್ಗಿ ಆವಿಯಾಗುತ್ತಿದೆ. ಪ್ಲಗ್ಗಿನ ತೂತಿನಿಂದಲೇ ಬೋರ್‌ಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಇಳಿಸಿ ಒಳಗೋಡೆಯಲ್ಲಿ ಕೆಂಪು ತುಕ್ಕಿದೆಯೇ ಎಂದು ನೋಡುವುದು ಕೆಲವು ನಿಮಿಷಗಳ ಕೆಲಸ, ಮತ್ತು ಅದರಿಂದ ತಿಳಿಯುವುದು ಬಹಳ.

ಗೇರ್ ಎಣ್ಣೆ ಹಾಲುಬಣ್ಣಕ್ಕೆ ತಿರುಗಿದ್ದರೆ ಗೇರ್‌ಕೇಸಿನೊಳಗೆ ನೀರಿದೆ. ಇದು ಸೀಲ್ ಸವೆದದ್ದರಿಂದಲೂ ಆಗಬಹುದು, ಸೀಲ್ ಕೂರುವ ಲೋಹವೇ ಕೊರೆದುಹೋದದ್ದರಿಂದಲೂ ಆಗಬಹುದು. ಮೊದಲನೆಯದು ಸಣ್ಣ ಕೆಲಸ, ಎರಡನೆಯದು ದೊಡ್ಡದು. ಗೇರ್‌ಕೇಸಿಗೆ ಮಿತವಾದ ಗಾಳಿ ಒತ್ತಡ ಕೊಟ್ಟು ಸೋಪಿನ ನೀರು ಹಚ್ಚಿದರೆ ಗುಳ್ಳೆ ಬರುವ ಜಾಗ ಕಾಣುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ನಿನ ಎಣ್ಣೆ ಹಾಲುಬಣ್ಣವಾಗಿದ್ದರೆ ಸ್ವಲ್ಪ ತಾಳ್ಮೆ ಬೇಕು. ತಣ್ಣನೆಯ ಎಂಜಿನ್ನನ್ನು ಪದೇ ಪದೇ ಅಲ್ಪ ಹೊತ್ತು ಓಡಿಸಿ ನಿಲ್ಲಿಸಿದರೂ ಒಳಗೆ ತೇವ ಕಟ್ಟಿಕೊಳ್ಳುತ್ತದೆ. ಎಣ್ಣೆ ಬದಲಿಸಿ, ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ಮತ್ತೆ ನೋಡಬೇಕು. ಬಣ್ಣ ಮತ್ತೆ ಕೆಟ್ಟರೆ ಗ್ಯಾಸ್ಕೆಟ್ ಅಥವಾ ಒಳಗಿನ ಎಕ್ಸಾಸ್ಟ್ ಗೋಡೆ ತೂತಾಗಿರುವುದನ್ನು ಶಂಕಿಸಬೇಕು.

ವೈರಿಂಗಿನಲ್ಲಿ ಹಸಿರು ಕಿಲುಬು ಕಾಣುತ್ತಿದ್ದರೆ ಒಂದೆರಡು ಕಡೆ ತಂತಿಯ ಹೊದಿಕೆಯನ್ನು ಸ್ವಲ್ಪ ಹಿಂದಕ್ಕೆ ಸುಲಿದು ನೋಡಬೇಕು. ತಾಮ್ರ ಅಲ್ಲಿಯೂ ಕಪ್ಪಾಗಿದ್ದರೆ ತುದಿಯ ಟರ್ಮಿನಲ್ ಬದಲಿಸಿ ಪ್ರಯೋಜನವಿಲ್ಲ, ತಂತಿಗಳ ಕಟ್ಟನ್ನೇ (ಹಾರ್ನೆಸ್) ಬದಲಿಸಬೇಕು. ಎಂಜಿನ್ನನ್ನು ಮೇಲಕ್ಕೆ ಓರೆಯಾಗಿ ಎತ್ತುವ ಟಿಲ್ಟ್ ಮೋಟಾರಿನ ಉಕ್ಕಿನ ಹೊರಕವಚವನ್ನೂ ಮರೆಯದೆ ತಟ್ಟಿ ನೋಡಬೇಕು.

ಬೋಲ್ಟುಗಳ ಪರೀಕ್ಷೆ

ಹಳೆಯ ಔಟ್‌ಬೋರ್ಡಿನ ದುರಸ್ತಿಯಲ್ಲಿ ವೆಚ್ಚವನ್ನು ಏರಿಸುವುದು ಬಹುತೇಕ ಬಿಡಿಭಾಗಗಳ ಬೆಲೆಯಲ್ಲ, ಬಿಚ್ಚಿಕೊಳ್ಳದ ಬೋಲ್ಟುಗಳು ತಿನ್ನುವ ಸಮಯ. ಸ್ಟೇನ್‌ಲೆಸ್ ಬೋಲ್ಟಿನ ಸುತ್ತ ಅಲ್ಯೂಮಿನಿಯಂ ಕೊರೆದು ಉಂಟಾಗುವ ಬಿಳಿಯ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಅದು ಥ್ರೆಡ್ಡಿನ ಸಂದುಗಳಲ್ಲಿ ಒತ್ತಿ ತುಂಬಿಕೊಂಡು ಬೋಲ್ಟನ್ನು ಅಲುಗದಂತೆ ಹಿಡಿದುಬಿಡುತ್ತದೆ. ಆದ್ದರಿಂದ ದೊಡ್ಡ ಕೆಲಸಕ್ಕೆ ಒಪ್ಪಿಗೆ ಕೊಡುವ ಮೊದಲು ತಂಪುನೀರಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟಿನ ಮುಚ್ಚಳದ ಬೋಲ್ಟುಗಳನ್ನು ಮಾತ್ರ ಬಿಚ್ಚಿ ನೋಡುವಂತೆ ನಾನು ಬಲವಾಗಿ ಹೇಳುತ್ತೇನೆ. ಅವು ಕೈಗೆ ಸಿಗುವ ಜಾಗದಲ್ಲಿರುತ್ತವೆ, ಮುರಿದರೂ ಸರಿಪಡಿಸಲು ಸಾಧ್ಯ, ಮತ್ತು ಉಳಿದ ಬೋಲ್ಟುಗಳು ಹೇಗೆ ವರ್ತಿಸುತ್ತವೆ ಎಂಬುದನ್ನು ಅವು ಮುಂಚಿತವಾಗಿ ತಿಳಿಸುತ್ತವೆ.

ಅವಸರ ಮಾಡಬಾರದು. ತುಕ್ಕು ಸಡಿಲಿಸುವ ಎಣ್ಣೆಯನ್ನು ಹಚ್ಚಿ ಒಂದು ದಿನ ಬಿಟ್ಟು, ಬೋಲ್ಟಿನ ತಲೆಯ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮೊದಲು ಕೂದಲೆಳೆಯಷ್ಟು ಬಿಗಿಸಿ ಆಮೇಲೆ ಸಡಿಲಿಸಬೇಕು. ಅಲುಗದಿದ್ದರೆ ಶಾಖವೇ ಉಪಾಯ. ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ ಒಂದು ಮೀಟರಿಗೆ ಸುಮಾರು 23 ಮೈಕ್ರೋಮೀಟರ್ ಹಿಗ್ಗಿದರೆ ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲ್ ಸುಮಾರು 17ರಷ್ಟು ಮಾತ್ರ ಹಿಗ್ಗುತ್ತದೆ. ಸುತ್ತಲಿನ ಎರಕವನ್ನು ಬಿಸಿ ಮಾಡಿದಾಗ ಬೋಲ್ಟಿನ ಹಿಡಿತ ಸಡಿಲವಾಗುವುದು ಈ ವ್ಯತ್ಯಾಸದಿಂದಲೇ. ಬೆಂಕಿ ಹಚ್ಚುವ ಮೊದಲು ಇಂಧನದ ಕೊಳವೆ, ಟ್ಯಾಂಕ್ ಮತ್ತು ಎಣ್ಣೆಯನ್ನು ದೂರ ಸರಿಸಿ, ಪೆಟ್ರೋಲಿನ ಆವಿ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಸಾಧ್ಯವಿದ್ದಲ್ಲೆಲ್ಲ ಹೀಟ್ ಗನ್ ಬಳಸುವುದು ಲೇಸು.

ಈ ಕೆಲವು ಬೋಲ್ಟುಗಳು ಹೊರಬಂದರೆ ಮುಚ್ಚಳ ತೆಗೆದು ಒಳಗಿನ ನೀರಿನ ದಾರಿಯನ್ನು ನೇರವಾಗಿ ನೋಡಬಹುದು. ತೆಳುವಾದ ಉಪ್ಪಿನ ಪದರವಷ್ಟೇ ಇದ್ದರೆ ಸಮಾಧಾನ ಪಡಬಹುದು. ಗಟ್ಟಿಯಾದ ಬಿಳಿ ಹೆಂಟೆಗಳು, ಗ್ಯಾಸ್ಕೆಟ್ ಕೂರುವ ಅಂಚಿನಲ್ಲಿ ಕಚ್ಚಿ ತೆಗೆದಂತಹ ಜಾಗಗಳು ಕಂಡರೆ ಸಿಲಿಂಡರ್ ಹೆಡ್ಡಿನಡಿಯಲ್ಲೂ ಅದೇ ಸ್ಥಿತಿ ಇರುವುದೆಂದು ಎಣಿಸಬೇಕು. ನಾಲ್ಕರಲ್ಲಿ ಎರಡು ಬೋಲ್ಟುಗಳು ತಲೆ ಮುರಿದುಕೊಂಡರೆ, ಪವರ್‌ಹೆಡ್ಡನ್ನು, ಅಂದರೆ ಮೇಲ್ಭಾಗದ ಎಂಜಿನ್ ಘಟಕವನ್ನು, ಮಧ್ಯಭಾಗಕ್ಕೆ ಬಿಗಿದಿರುವ ಉದ್ದನೆಯ ಬೋಲ್ಟುಗಳು ಸುಲಭವಾಗಿ ಬರುತ್ತವೆಂದು ನಿರೀಕ್ಷಿಸುವುದು ಸರಿಯಲ್ಲ. ಮುರಿದ ಒಂದೊಂದು ಬೋಲ್ಟನ್ನೂ ಡ್ರಿಲ್ ಮಾಡಿ ತೆಗೆದು, ಹೆಲಿಕಾಯಿಲ್ ಎಂಬ ತಂತಿಸುರುಳಿ ಹಾಕಿ ಹೊಸ ಥ್ರೆಡ್ ಕೊಡುವುದು ಪರಿಣತರಿಗೂ ಗಂಟೆಗಟ್ಟಲೆ ಹಿಡಿಯುವ ಕೆಲಸ.

ಜಾಗವನ್ನು ನೋಡಿ ತೀರ್ಮಾನ

ಹೊರಮೈಯ ತುಕ್ಕು, ಅಂದರೆ ಗೇರ್‌ಕೇಸಿನ ಮೇಲ್ಮೈ, ಪ್ರೊಪೆಲರಿನ ಕೆಳಗಿನ ರೆಕ್ಕೆ, ಮಧ್ಯಭಾಗದ ಹೊರಕವಚ ಇವುಗಳ ಹಾನಿ, ಲೋಹದ ದಪ್ಪ ಉಳಿದಿರುವವರೆಗೆ ದುರಸ್ತಿಗೆ ಯೋಗ್ಯ. ಚೂಪಾದ ಮೊನೆಯಿಂದ ಒತ್ತಿದಾಗ ಲೋಹ ಒಳಕ್ಕೆ ಕುಸಿಯದಿದ್ದರೆ ಕೆಲಸ ಶುಚಿಮಾಡುವುದು, ಎಪಾಕ್ಸಿ ತುಂಬುವುದು ಮತ್ತು ಬಣ್ಣ ಬಳಿಯುವುದರಲ್ಲಿ ಮುಗಿಯುತ್ತದೆ.

ಗ್ಯಾಸ್ಕೆಟ್ ಕೂರುವ ಮುಖಗಳಲ್ಲಿ ವಿಷಯ ಸೂಕ್ಷ್ಮವಾಗುತ್ತದೆ. ನೀರನ್ನು ಮಾತ್ರ ತಡೆಯುವ ಮುಚ್ಚಳದ ಅಂಚಿನಲ್ಲಿರುವ ಆಳವಿಲ್ಲದ ಗುಳಿಗಳನ್ನು ಒಳ್ಳೆಯ ದರ್ಜೆಯ ಲೋಹ ಎಪಾಕ್ಸಿಯಿಂದ ತುಂಬಿ ಸಮ ಮಾಡಬಹುದು, ಅದು ವರ್ಷಗಟ್ಟಲೆ ಬಾಳುತ್ತದೆ. ಸಿಲಿಂಡರಿನ ಬಾಯಿಯ ಸುತ್ತ, ಉರಿಯುವ ಅನಿಲದ ಒತ್ತಡ ತಡೆಯಬೇಕಾದ ಉಂಗುರದಲ್ಲಿ ಎಪಾಕ್ಸಿಗೆ ಜಾಗವಿಲ್ಲ. ಅಲ್ಲಿ ಮುಖವನ್ನು ಯಂತ್ರದಲ್ಲಿ ಸಮತಟ್ಟಾಗಿ ಕೆತ್ತಿಸಬೇಕು, ಇಲ್ಲವೇ ಟಿಗ್ ವೆಲ್ಡಿಂಗ್ ಮಾಡಿಸಿ ಆಮೇಲೆ ಕೆತ್ತಿಸಬೇಕು. ನೇರ ಪಟ್ಟಿ ಮತ್ತು ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ಇಟ್ಟು ಮುಖದ ಓರೆಯನ್ನು ಅಳೆಯಬೇಕು. ಅನೇಕ ಎಂಜಿನ್ನುಗಳಿಗೆ ಮಿತಿ 0.1 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ, ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿ ಹೇಳಿದ ಅಂಕಿಯೇ ಅಂತಿಮ. ವೆಲ್ಡಿಂಗಿನ ಬಗ್ಗೆ ಒಂದು ಎಚ್ಚರಿಕೆ: ದೀರ್ಘಕಾಲ ಉಪ್ಪು ಮತ್ತು ಎಣ್ಣೆ ಹೀರಿದ ಎರಕವನ್ನು ಬೆಸೆಯುವಾಗ ಅನಿಲದ ಗುಳ್ಳೆಗಳೆದ್ದು ಬೆಸುಗೆ ರಂಧ್ರಮಯವಾಗುತ್ತದೆ, ಶಾಖದಿಂದ ಮುಖ ತಿರುಚಿಕೊಳ್ಳುವುದೂ ಉಂಟು. ಔಟ್‌ಬೋರ್ಡ್ ಎರಕಗಳನ್ನು ಬೆಸೆದು ಅನುಭವವಿರುವವರು ಸಿಗದಿದ್ದರೆ ಬೆಸುಗೆಯ ದಾರಿ ಹಿಡಿಯದಿರುವುದೇ ಒಳ್ಳೆಯದು.

ಇನ್ನು ಎಂಜಿನ್ನಿನ ತೂಕವನ್ನೂ ತಳ್ಳುವ ಬಲವನ್ನೂ ಹೊರುವ ಭಾಗಗಳು, ತಿರುಗುವ ಭಾಗಗಳು. ಬ್ರಾಕೆಟ್ಟಿನಲ್ಲಿ ಬಿರುಕು ಕಂಡರೆ, ಸ್ಟೀರಿಂಗಿನ ತೋಳು ಸವೆದಿದ್ದರೆ, ಅದನ್ನು ತುಂಬಿಸುವ ಅಥವಾ ಬೆಸೆಯುವ ಮಾತೇ ಬೇಡ. ಗಟ್ಟಿಯಾದ ಬದಲಿ ಭಾಗ ಸಿಕ್ಕರೆ ಹಾಕಬೇಕು, ಸಿಗದಿದ್ದರೆ ಎಂಜಿನ್ನನ್ನು ಬಳಕೆಯಿಂದ ಇಳಿಸಬೇಕು. ಟೂ ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನಲ್ಲಿ, ರೋಲರ್ ಬೇರಿಂಗ್ ಓಡುವ ಜಾಗದಲ್ಲಿ, ತುಕ್ಕಿನ ಗುಳಿಗಳಿದ್ದರೆ ಹೊಸ ಬೇರಿಂಗ್ ಕೂಡ ಬೇಗ ಹಾಳಾಗುತ್ತದೆ. ಬ್ಲಾಕಿನೊಳಗಿನ ಎಕ್ಸಾಸ್ಟ್ ಮತ್ತು ನೀರಿನ ನಡುವಿನ ಗೋಡೆ ತೂತಾಗಿದ್ದರೂ ಅಷ್ಟೇ. ಇಂಥ ಸಂದರ್ಭಗಳಲ್ಲಿ ದುರಸ್ತಿ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ನೀರಿನ ನಡುವೆ ಎಂಜಿನ್ ಕೈಕೊಟ್ಟರೆ ದಡಕ್ಕೆ ನಡೆದು ಬರಲಾಗುವುದಿಲ್ಲ. ದೋಣಿಯಲ್ಲಿರುವವರ ಜೀವಕ್ಕಿಂತ ಹಳೆಯ ಎಂಜಿನ್ನಿನ ಮೇಲಿನ ಮಮತೆ ದೊಡ್ಡದಾಗಬಾರದು.

ವೆಚ್ಚದ ಲೆಕ್ಕ

ದುರಸ್ತಿಯ ವೆಚ್ಚವನ್ನು ಹೊಸ ಎಂಜಿನ್ನಿನ ಬೆಲೆಯೊಂದಿಗೆ ಹೋಲಿಸಿದರೆ ಯಾವ ದುರಸ್ತಿಯಾದರೂ ಅಗ್ಗವಾಗಿಯೇ ಕಾಣುತ್ತದೆ. ಅದೇ ಮಾದರಿಯ, ಅದೇ ವಯಸ್ಸಿನ, ಸುಸ್ಥಿತಿಯಲ್ಲಿರುವ ಬಳಸಿದ ಎಂಜಿನ್ ಎಷ್ಟಕ್ಕೆ ಸಿಗುತ್ತದೆ ಎಂಬುದರೊಂದಿಗೆ ಹೋಲಿಸಬೇಕು. ಆ ಬೆಲೆಯ ಅರ್ಧವನ್ನು ಅಂದಾಜು ವೆಚ್ಚ ದಾಟುತ್ತಿದ್ದರೆ ನಾನಾದರೆ ಅಲ್ಲಿಗೆ ನಿಲ್ಲುತ್ತೇನೆ, ಏಕೆಂದರೆ ಬೋಲ್ಟುಗಳು ಮುರಿಯುವ ಕಾರಣ ಅಂದಾಜು ಏರುವುದುಂಟೇ ಹೊರತು ಇಳಿಯುವುದು ಅಪರೂಪ. ಇಂಪೆಲ್ಲರ್, ಥರ್ಮೋಸ್ಟಾಟ್, ಗ್ಯಾಸ್ಕೆಟ್, ಸೀಲ್, ಆನೋಡ್ ಇವುಗಳನ್ನು ಹೇಗೂ ಬದಲಿಸಬೇಕಾಗುವುದರಿಂದ ಅವನ್ನೂ ಲೆಕ್ಕದಲ್ಲಿ ಸೇರಿಸಬೇಕು.

ಬಿಡಿಭಾಗಗಳು ಸಿಗುತ್ತವೆಯೇ ಎಂಬುದನ್ನು ಬಿಚ್ಚುವ ಮೊದಲೇ, ಭಾಗ ಸಂಖ್ಯೆ ಹಿಡಿದು ವಿಚಾರಿಸಬೇಕು. ದೊಡ್ಡ ಹೆಸರುಗಳೂ ಮಾರುಕಟ್ಟೆಯಿಂದ ಮರೆಯಾಗಿವೆ. ಜಾನ್ಸನ್ ಮತ್ತು ಎವಿನ್ರೂಡ್ ಎಂಜಿನ್ನುಗಳನ್ನು ತಯಾರಿಸುತ್ತಿದ್ದ ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್ 2000ದ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಅನಂತರ ಬೇರೆ ಒಡೆತನದಲ್ಲಿ ಮುಂದುವರಿದ ಎವಿನ್ರೂಡ್ ತಯಾರಿಕೆ 2020ರಲ್ಲಿ ನಿಂತಿತು. ಇಂಪೆಲ್ಲರ್, ಸೀಲ್‌ಗಳಂತಹ ಸವೆಯುವ ಭಾಗಗಳನ್ನು ಇತರ ತಯಾರಕರೂ ಮಾಡುತ್ತಾರೆ, ಆದರೆ ಬ್ಲಾಕ್, ಹೆಡ್, ಮಧ್ಯಭಾಗದಂತಹ ಎರಕಗಳಿಗೆ ಹಳೆಯ ಎಂಜಿನ್ನುಗಳನ್ನೇ ನಂಬಬೇಕಾಗುತ್ತದೆ. ಅಂಥ ಬಳಸಿದ ಎರಕವನ್ನು ಕೊಳ್ಳುವಾಗ, ಅದು ಸಿಹಿನೀರಿನಲ್ಲಿ ಓಡಿದ ಎಂಜಿನ್ನಿನದಾದರೆ ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ.

ದುರಸ್ತಿಗೂ ವಿದಾಯಕ್ಕೂ ನಡುವೆ ಮೂರನೆಯ ದಾರಿಯೊಂದಿದೆ, ಮತ್ತು ಹಲವು ಎಂಜಿನ್ನುಗಳಿಗೆ ಅದೇ ಸರಿಯಾದದ್ದು. ಕಂಪ್ರೆಷನ್ ಚೆನ್ನಾಗಿದ್ದು, ಎಣ್ಣೆಗಳು ಸ್ವಚ್ಛವಾಗಿದ್ದು, ಬ್ರಾಕೆಟ್ ಗಟ್ಟಿಯಾಗಿದ್ದರೆ, ಚೆನ್ನಾಗಿ ಕೂತಿರುವ ಹೆಡ್ಡನ್ನು ನೋಡಿಬಿಡೋಣವೆಂದು ಬಿಚ್ಚುವ ಅಗತ್ಯವಿಲ್ಲ. ಹೊಸ ಆನೋಡ್ ಹಾಕಿ, ಪ್ರತಿ ಬಳಕೆಯ ನಂತರ ಸಿಹಿನೀರಿನಿಂದ ತೊಳೆಯುತ್ತ, ಹಂಗಾಮಿಗೊಮ್ಮೆ ಮೇಲೆ ಹೇಳಿದ ಪರೀಕ್ಷೆಗಳನ್ನು ಮಾಡಿ ಅಂಕಿಗಳನ್ನು ಬರೆದಿಟ್ಟುಕೊಂಡರೆ, ಇಳಿಮುಖ ಯಾವಾಗ ಆರಂಭವಾಯಿತೆಂಬುದು ತಾನೇ ತಿಳಿಯುತ್ತದೆ. ಆದರೆ ಈ ದಾರಿ ದಡ ಕಾಣುವಷ್ಟು ದೂರದಲ್ಲಿ, ಹುಟ್ಟು ಹಾಕಿ ಮರಳಬಹುದಾದ ನೀರಿನಲ್ಲಿ ಓಡುವ ದೋಣಿಗೆ ಮಾತ್ರ. ತೆರೆದ ಸಮುದ್ರಕ್ಕೆ ಹೋಗುವ ದೋಣಿಯ ಏಕೈಕ ಎಂಜಿನ್ನಿಗೆ ಈ ರಿಯಾಯಿತಿ ಕೊಡಬಾರದು.

ದುರಸ್ತಿ ಎಂದು ನಿರ್ಧರಿಸಿದ ಮೇಲೆ

ತುಕ್ಕನ್ನು ತೆಗೆಯಲು ಸಾಮಾನ್ಯ ಉಕ್ಕಿನ ತಂತಿಯ ಬ್ರಷ್ ಬಳಸಬಾರದು. ಅದರ ಕಣಗಳು ಅಲ್ಯೂಮಿನಿಯಮ್ಮಿನಲ್ಲಿ ಹೂತುಕೊಂಡು ಹೊಸ ತುಕ್ಕಿಗೆ ಬೀಜವಾಗುತ್ತವೆ. ನೈಲಾನ್ ಬ್ರಷ್, ಅಲ್ಯೂಮಿನಿಯಂ ಆಕ್ಸೈಡ್ ಮರಳು ಕಾಗದ ಸಾಕು. ಬಿಳಿ ಪುಡಿ ಗುಳಿಯ ತಳದಿಂದ ಸಂಪೂರ್ಣವಾಗಿ ಹೋಗಿ ಹೊಳೆಯುವ ಲೋಹ ಕಾಣಬೇಕು, ಸಿಹಿನೀರಿನಲ್ಲಿ ತೊಳೆದು ಒಣಗಿಸಿದ ಕೂಡಲೇ ಅಲ್ಯೂಮಿನಿಯಂಗೆ ಹೊಂದುವ ಪ್ರೈಮರ್ ಬಳಿಯಬೇಕು. ಒಳಗಿನ ಉಪ್ಪನ್ನು ಕರಗಿಸಲು ವಿನೆಗರಿನಂತಹ ಮೃದು ಆಮ್ಲವನ್ನು ಅಲ್ಪ ಕಾಲ ಬಳಸಿ ಚೆನ್ನಾಗಿ ತೊಳೆಯಬಹುದು. ಹೈಡ್ರೋಕ್ಲೋರಿಕ್ ಆಮ್ಲವೂ ಕಾಸ್ಟಿಕ್ ಸೋಡಾವೂ ಅಲ್ಯೂಮಿನಿಯಮ್ಮನ್ನೇ ತಿಂದು, ಹೊತ್ತಿಕೊಳ್ಳುವ ಜಲಜನಕವನ್ನು ಬಿಡುವುದರಿಂದ ಅವನ್ನು ದೂರವಿಡಬೇಕು. ತಾಮ್ರ ಬೆರೆತ ಪಾಚಿನಿರೋಧಕ ಬಣ್ಣವನ್ನು ಗೇರ್‌ಕೇಸಿಗೆ ಬಳಿಯಬಾರದು, ತಾಮ್ರ ಅಥವಾ ಗ್ರಾಫೈಟ್ ಇರುವ ಗ್ರೀಸನ್ನು ಬೋಲ್ಟುಗಳಿಗೆ ಹಚ್ಚಬಾರದು. ಎರಡೂ ಅಲ್ಯೂಮಿನಿಯಮ್ಮಿನ ಕೊರೆತವನ್ನು ಹೆಚ್ಚಿಸುತ್ತವೆ. ನೀರಿಗೆ ತೊಳೆದುಹೋಗದ ಮರೀನ್ ಗ್ರೀಸ್ ಹಚ್ಚಿ ಬಿಗಿದ ಬೋಲ್ಟು ಮುಂದಿನ ಸಲ ತೊಂದರೆ ಕೊಡುವುದು ಕಡಿಮೆ. ಆನೋಡ್ ಕೂರುವ ಜಾಗದಲ್ಲಿ ಮಾತ್ರ ಬಣ್ಣವನ್ನೂ ಗ್ರೀಸನ್ನೂ ಒರೆಸಿ, ಲೋಹಕ್ಕೆ ಲೋಹ ತಾಗುವಂತೆ ಬಿಗಿದು, ಮಲ್ಟಿಮೀಟರಿನಿಂದ ಮತ್ತೊಮ್ಮೆ ಪರೀಕ್ಷಿಸಬೇಕು.

ವಿದಾಯ ಹೇಳುವುದೇ ಸರಿಯೆಂದು ಕಂಡುಬಂದರೆ ಎಂಜಿನ್ನನ್ನು ಹಾಗೆಯೇ ಗುಜರಿಗೆ ಹಾಕುವ ಮೊದಲು ಇಂಧನ, ಎಂಜಿನ್ ಎಣ್ಣೆ, ಗೇರ್ ಎಣ್ಣೆ ಇವನ್ನು ನೀರಿಗೂ ನೆಲಕ್ಕೂ ತಾಗದಂತೆ ಪಾತ್ರೆಗೆ ಇಳಿಸಿಕೊಂಡು ಬಳಸಿದ ಎಣ್ಣೆ ಸಂಗ್ರಹಿಸುವಲ್ಲಿಗೆ ಕೊಡಬೇಕು. ಪ್ರೊಪೆಲರ್, ಸ್ಟಾರ್ಟರ್ ಮೋಟಾರ್, ಕಾರ್ಬ್ಯುರೇಟರ್, ಇಗ್ನಿಷನ್ ಘಟಕ, ಸುಸ್ಥಿತಿಯ ಗೇರ್‌ಗಳು ಮತ್ತು ಮೇಲ್ಮುಚ್ಚಳ ಇವುಗಳನ್ನು ಮಾದರಿ ಸಂಖ್ಯೆ ಬರೆದು ಬೇರೆಯಾಗಿ ತೆಗೆದಿಡಬೇಕು, ಏಕೆಂದರೆ ಅದೇ ಮಾದರಿಯನ್ನು ಇನ್ನೂ ಓಡಿಸುತ್ತಿರುವವರು ಇವನ್ನೇ ಹುಡುಕುತ್ತಿರುತ್ತಾರೆ. ಉಳಿದ ಅಲ್ಯೂಮಿನಿಯಂ ಎರಕ ಮತ್ತೆ ಕರಗಿಸಿ ಬಳಸಲು ಬರುವ ಲೋಹ. ಉಕ್ಕಿನ ಭಾಗಗಳನ್ನು ಬೇರ್ಪಡಿಸಿ ಕೊಟ್ಟರೆ ಅದಕ್ಕೆ ಸಿಗುವ ಬೆಲೆಯೂ ಹೆಚ್ಚು.